ಕಂಡಕ್ಟರ್ ತಂದ ನೊಣ

ಆಟಿಯಲ್ಲಿ ಮಲ್ಲಿಗೆ ಅಟ್ಟೆಗೆ ತೊಂಬತ್ತಕ್ಕೆ ಇಳಿದು
ಗಿಡದಲ್ಲೂ ಮೊಗ್ಗಿಲ್ಲ, ಕೈಯಲ್ಲೂ ಕೆಲಸವಿಲ್ಲ ಅನ್ನುವ ಹೊತ್ತಿಗೆ
ಕಟಪಾಡಿ–ಶಿರ್ವ ಬಸ್ಸಿನ ಕಂಡಕ್ಟರ್ ಸುಧಾಮ ಕೋಟ್ಯಾನ್
ಟಿಕೆಟ್ ಚೀಲದಿಂದ ಒಂದು ಬೆಂಕಿಪೊಟ್ಟಣ ತೆಗೆದು
ಜಗಲಿಯ ಮೇಲಿಟ್ಟ.

ಒಳಗೆ ಸತ್ತ ಏನೋ ಒಂದು.
‘ನೊಣ, ಸೆವ್ರಿನ ಬಾಯಿ. ಸ್ಟ್ರೀಮರ್ ಅಂತಾರೆ.’
ನೊಣದ ಯಾವ ಲಕ್ಷಣವೂ ಇರಲಿಲ್ಲ ಅದಕ್ಕೆ.
ಕೂದಲು ಕಿತ್ತು, ಒಂದು ಕಣ್ಣು ಉದುರಿ,
ಮೈಮೇಲೆಲ್ಲ ಕೆಂಬೇರಿಯ ಹಲ್ಲು.
‘ದಿನಕ್ಕೆ ಮೂರು ಸಾವಿರ ಮೊಗ್ಗು ಕಟ್ಟಿದ ಕೈ ನಿಮ್ಮದು,
ಇದೊಂದು ಕಟ್ಟಿಕೊಡಿ.’

ಬಿಚ್ಚಿದರೆ ತಾನೇ ಕಟ್ಟುವುದು ತಿಳಿಯುವುದು?
ರಾತ್ರಿ ಸೂಜಿಮೊನೆಯಲ್ಲಿ ಒಂದೊಂದೇ ಸುತ್ತು ಬಿಡಿಸಿದೆ,
ತಲೆಗೆ ಇಪ್ಪತ್ತೆರಡು, ಕುತ್ತಿಗೆಗೆ ಒಂಬತ್ತು,
ಬಾಲದ ಬುಡದಲ್ಲಿ ಆರು.
ಕೊನೆಯ ಗಂಟು ಮಾತ್ರ, ದೇವರೇ,
ನಮ್ಮದು! ನನ್ನ ಅತ್ತೆ ಬಾಳೆನಾರಿನಲ್ಲಿ ಹಾಕಿ
ಉಗುರಿನಿಂದ ಒತ್ತುತ್ತಿದ್ದ ಅದೇ ಕುಣಿಕೆ.
ಯಾವ ದೇಶದ ಯಾವ ಗಂಡಸು ಕದ್ದನೋ.

ಹೊಲಿಗೆ ಮಿಷಿನ್ನಿನ ಪಾದಕ್ಕೆ ಕೊಕ್ಕೆ ಕಚ್ಚಿಸಿದೆ.
ಪುತ್ತುಮೋನು ಬ್ಯಾರಿ ಆಡಿನ ಬಾಲ ಕೊಟ್ಟ, ಯಾಕೆಂದು ಕೇಳಲಿಲ್ಲ.
ಕಪ್ಪು ಆಡಿನದೇ ಬೇಕು, ಆಟಿಯ ಕಲಕು ನೀರಲ್ಲಿ ಬಿಳಿ ಕಾಣದಂತೆ.
ಹೋದ ಕ್ರಿಸ್ಮಸ್ಸಿನ ನಕ್ಷತ್ರದಿಂದ ನಾಲ್ಕೆಳೆ ಮಿಂಚು.
ಕುತ್ತಿಗೆಯ ಗರಿ ನಮ್ಮ ಹುಂಜದ್ದು,
ಅದು ಎರಡು ದಿನ ನನ್ನ ಮುಖ ನೋಡಲಿಲ್ಲ.
ಕಣ್ಣಿಗೆ ಸುಧಾಮ ತನ್ನ ಬೀಗದಕೈ ಸರಪಳಿಯ
ಎರಡು ಗುಂಡು ಕತ್ತರಿಸಿ ಕೊಟ್ಟ:
‘ಬೆನ್ನ ಮೇಲೆ ಕಟ್ಟಿ. ನೀರಲ್ಲಿ ಮಗುಚಿಕೊಂಡು ಹೋಗಲಿ,
ಕೊಕ್ಕೆ ಆಕಾಶ ನೋಡಿದರೆ ಬೇರಿಗೆ ಸಿಕ್ಕುವುದಿಲ್ಲ.’

ಮೊದಲನೆಯದು ಮಲ್ಲಿಗೆ ಚೆಂಡಿನ ಹಾಗೆ ಉಬ್ಬಿ ತೇಲಿತು.
ಎರಡನೆಯದರ ಬಾಲ ಬಿಚ್ಚಿತು.
ಕಡಿಮೆ ಹಾಕಲು ಕಲಿಯಬೇಕಿತ್ತು,
ಹೂ ಕಟ್ಟುವವಳಿಗೆ ಅದಕ್ಕಿಂತ ಕಷ್ಟ ಬೇರೆ ಇಲ್ಲ.
ಒತ್ತೊತ್ತಾಗಿದ್ದರೇ ನಮಗೆ ದರ.
ಇಲ್ಲಿ ಕೂದಲಿನ ನಡುವೆ ಬೆಳಕು ದಾಟಬೇಕು.

ಮಳೆ ಬಿಟ್ಟ ಒಂದು ಸಂಜೆ ಮಟ್ಟು ಸೇತುವೆಯ ಕೆಳಗೆ
ನಾಲ್ಕನೆಯದನ್ನು ಅದ್ದಿ ತೋರಿಸಿದ. ಅಂಚಿನ ತೆಳುನೀರಲ್ಲಿ
ಕೂದಲೆಲ್ಲ ಕೂಡಿಕೊಂಡು ಅದಕ್ಕೊಂದು ಮೈ ಬಂತು.
ಸರಸರ ಎಳೆದರೆ ಬೂತಾಯಿ.
ಎಳೆದು, ಬಿಟ್ಟು, ಎಳೆದರೆ ಹೆದರಿದ ಎಟ್ಟಿ.
ಬಿಟ್ಟೇ ಬಿಟ್ಟರೆ
ತಳದ ಕೆಸರಲ್ಲಿ ಕೂತ ಯಾವುದೋ ಬಡಪಾಯಿ.
ಕಟ್ಟಿದ್ದು ನಾನು. ಇಷ್ಟು ಜನ ಒಳಗಿದ್ದರೆಂದು
ನನಗೇ ಗೊತ್ತಿರಲಿಲ್ಲ.

ಕೋಲು ನನ್ನ ಕೈಗಿತ್ತ.
ದಾರ ಮೊದಲು ನನ್ನ ಸೆರಗಿಗೆ, ಆಮೇಲೆ ಅವನ ಟೊಪ್ಪಿಗೆ.
ಮೂರನೆಯ ಸಲ ಇಳಿತದ ನೀರೇ
ನೊಣವನ್ನು ಕಾಂಡ್ಲಾ ಗಿಡಗಳ ನೆರಳಿಗೆ ಕರೆದುಕೊಂಡು ಹೋಯಿತು.
ಎಳೆದೆ. ನಿಲ್ಲಿಸಿದೆ. ಎಳೆದೆ.
ದಾರದ ಆ ತುದಿಯಲ್ಲಿ ಯಾರೋ
ದಡಾರನೆ ಬಾಗಿಲು ಹಾಕಿಕೊಂಡರು.

ಬೆರಳು ಕೊಯ್ದುಕೊಂಡು ಓಡಿತು.
ಕೆಂಪು ಪಕ್ಕೆಯೊಂದು ಒಮ್ಮೆ ಹೊರಳಿ, ಕೋಲು ಹಗುರ.
‘ಹೋಯಿತು’ ಅಂದ ಸುಧಾಮ,
ಬಸ್ಸು ತಪ್ಪಿಸಿಕೊಂಡವರಿಗೆ ಹೇಳುವ ದನಿಯಲ್ಲಿ.
‘ಎಲ್ಲಿ ಕಡಿಯಿತು ನೋಡು. ಗಂಟಿನಲ್ಲಾ?’
ಅವನು ತುದಿಯನ್ನು ಬೆಳಕಿಗೆ ಹಿಡಿದ.
‘ಇಲ್ಲ ಬಾಯಿ. ಗಂಟಿಗಿಂತ ಒಂದು ಮೊಳ ಮೇಲೆ.’

ಒಂದು ಮೊಳ ಮೇಲೆ.
ಕತ್ತಲಾಗುವವರೆಗೆ ಅಲ್ಲೇ ಕಲ್ಲಿನ ಮೇಲೆ ಕೂತಿದ್ದೆ,
ಬೆರಳು ಬಾಯಲ್ಲಿಟ್ಟುಕೊಂಡು, ಸಣ್ಣ ಹುಡುಗಿಯ ಹಾಗೆ.
ನಾನು ಕಟ್ಟಿದ್ದೆಲ್ಲ ಸಂಜೆಗೆ ಬಾಡುವಂಥದ್ದೇ, ಇಷ್ಟು ವರ್ಷ.

ಮರುದಿನ ಸಿಕ್ಕಿದ್ದು ಅರ್ಧ ಚೆಂಡು.
ಶಂಕರಪುರದ ಕಟ್ಟೆಯಲ್ಲಿ ಫೆಲಿಕ್ಸ್ ಬಾಳೆಲೆ ಬಿಡಿಸಿ
ಮೂಗಿನ ಹತ್ತಿರ ತಂದು, ನಿಂತು,
ನನ್ನ ಮುಖ ನೋಡಿದ.
‘ಹೊಳೆ’ ಅಂದೆ. ‘ನೀನು ದರ ಹೇಳು.’